ಗುರುತಿಟ್ಟ ಪುಟ

ಬಿರುಗಾಳಿ ನಿಂತ ಬೆಳಿಗ್ಗೆ, ಕಡಲಿಗೆ ಹೋದ ಗಂಡಸರು ಅರ್ಧ ಓದಿಟ್ಟ ಪುಸ್ತಕಗಳನ್ನು ಹಿಡಿದು ಹೆಂಗಸರು ಬಂದರಿನಲ್ಲಿ ನಿಂತಿದ್ದರು. ಸತ್ತವನು ಓದದೆ ಬಿಟ್ಟ ಪುಟಗಳಲ್ಲಿ ಅಕ್ಷರ ಉಳಿಯುವುದಿಲ್ಲ. ಅಧಿಕಾರಿ ಒಂದೊಂದನ್ನೇ ತಿರುವಿ, "ಖಾಲಿ" ಎಂದು ಹಿಂದಿರುಗಿಸುತ್ತಿದ್ದ.

ವಾರಿಜಳ ಪುಸ್ತಕದಲ್ಲಿ ಗುರುತಿಗಿಟ್ಟ ಬಸ್ ಟಿಕೆಟಿನ ಆಚೆಗೂ ಅಕ್ಷರಗಳಿದ್ದವು.

"ನಿಮ್ಮ ಗಂಡ ಬದುಕಿದ್ದಾರಮ್ಮ. ಹುಡುಕಲಿಕ್ಕೆ ದೋಣಿ ಕಳಿಸ್ತೇವೆ."

ವಾರಿಜ ಪುಸ್ತಕವನ್ನು ವಾಪಸು ಪಡೆದು ಸೆರಗಿನೊಳಗೆ ಇಟ್ಟುಕೊಂಡಳು. ಗಂಡ ಅದನ್ನು ಪೂರ್ತಿ ಓದಿ ಮುಗಿಸಿಯೇ ಹೋಗಿದ್ದ. ಮುಗಿಸಿದ ಪುಸ್ತಕ ಏನನ್ನೂ ಹೇಳುವುದಿಲ್ಲ. ನಡುವೆ ಟಿಕೆಟ್ ಇಟ್ಟವಳು ಅವಳೇ.

ದೋಣಿಗೆ ಮೊದಲು ಹತ್ತಿದವನು ಮೈದುನ ಸಂಜೀವ. ತನ್ನ ಪುಸ್ತಕವನ್ನು ಅವಳ ಕೈಗಿಟ್ಟ.

"ಅರ್ಧ ಆಗಿದೆ ಅತ್ತಿಗೆ. ಜಾಗ್ರತೆ ಇಟ್ಕೊಳ್ಳಿ."

ಸಂಜೆ ಗಾಳಿ ಮತ್ತೆ ಎದ್ದಿತು.

"ಒಮ್ಮೆ ಬಿಚ್ಚಿ ನೋಡು ಮಾರಾಯ್ತಿ," ಅತ್ತೆ ಅಂಗಲಾಚಿದರು.

ವಾರಿಜ ಪುಸ್ತಕದ ಮೇಲಿಟ್ಟ ಕೈ ತೆಗೆಯಲಿಲ್ಲ.