ಕೆಂಪು ಇಳಿದು ಬರುವ ಹೊತ್ತು

ಗುಡ್ಡದ ಗಣಿಯಲ್ಲಿ ಅದಿರು ತೊಳೆದ ನೀರು ದಿನವೂ ಮಧ್ಯಾಹ್ನ ಮೂರಕ್ಕೆ ಹೊಳೆಗುಂಟ ಇಳಿದು ಬಂದು ಕಡಲನ್ನು ಕೆಂಪಾಗಿಸುತ್ತಿತ್ತು. ಅದು ಮುಟ್ಟುವ ಮುನ್ನ, ಕಡಲಿನಿಂದ ಊರ ಕೊಳಕ್ಕೆ ನೀರು ಬಿಡುವ ಗೋಡೆಯ ಬಾಗಿಲು ಹಾಕುವುದು ಮಾಸ್ತಮ್ಮನ ಕೆಲಸ. ಬಾಗಿಲೊಳಗಿನ ತಿಳಿ ಉಪ್ಪುನೀರನ್ನೇ ಸಿಹಿ ಮಾಡಿ ಊರು ಕುಡಿಯುತ್ತಿತ್ತು. ಮನೆಗೆ ದಿನಕ್ಕೆ ಎರಡು ಕೊಡ.

ಆ ದಿನ ಗುಡ್ಡ ಜರಿದು ಕೆಂಪು ಒಂದು ಗಂಟೆ ಮೊದಲೇ ಬಂತು. ಅವಳ ನಾದಿನಿ ಕುಸುಮ ಬಾಗಿಲ ಹೊರಗೆ, ಎದೆಮಟ್ಟದ ನೀರಿನಲ್ಲಿ ಚಿಪ್ಪಿ ಹೆಕ್ಕುತ್ತಿದ್ದಳು.

“ಕುಸುಮಾ, ಓಡಿ ಬಾರೇ!”

ಕುಸುಮ ತಿರುಗಿ ನೋಡಿದಳು. ಕೆಂಪು ಅವಳಿಗಿಂತ ಬೇಗ ಬರುತ್ತಿತ್ತು.

“ಬಾಗಿಲು ಹಾಕೇ ಅತ್ತಿಗೆ! ನನ್ನ ಕಾಯ್ಬೇಡ!”

ಮಾಸ್ತಮ್ಮ ಬಾಗಿಲಿನ ಚಕ್ರ ಹಿಡಿದಳು. ಹಲ್ಲು ಕಚ್ಚಿ ತಿರುಗಿಸಿದಳು. ಬಾಗಿಲು ಕೂತದ್ದೇ ಗೋಡೆ ಹತ್ತಿ, ಕೆಂಪಿನೊಳಗೆ ಹಗ್ಗ ಎಸೆದು ಹೆಸರು ಹಿಡಿದು ಕೂಗತೊಡಗಿದಳು. ಕುಸುಮಳ ತಲೆ ಒಮ್ಮೆ ಕಂಡಿತು, ಮತ್ತೆ ಮುಳುಗಿತು. ಎಷ್ಟೋ ಹೊತ್ತಿನ ಮೇಲೆ ಹಗ್ಗ ಬಿಗಿಯಾಯಿತು.

ಮೇಲೆಳೆದುಕೊಂಡಾಗ ಕುಸುಮಳ ರೆಪ್ಪೆಗಳು ಕೆಸರಿನಿಂದ ಅಂಟಿಹೋಗಿದ್ದವು.

“ಕಣ್ಣು ಉರೀತದೆ, ಎಂತದೂ ಕಾಣೂದಿಲ್ಲ. ನೀರು ಉಳೀತಾ?”

“ಉಳೀತು.”

ಮಾಸ್ತಮ್ಮ ತನ್ನ ಮನೆಯ ಎರಡೂ ಕೊಡಗಳನ್ನು ಆ ಕಣ್ಣಿಗೆ ಸುರಿದಳು. ಸಾಲಲಿಲ್ಲ. ಪಕ್ಕದ ಮನೆಯ ಬೀರಜ್ಜಿ ತನ್ನ ಕೊಡ ತಂದಿಟ್ಟಳು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಮತ್ತೊಬ್ಬಳು. ಆ ಸಂಜೆ ಕೇರಿಯಲ್ಲಿ ಅನ್ನಕ್ಕೆ ಎಸರಿಡಲು ನೀರಿರಲಿಲ್ಲ.

ಹತ್ತನೇ ಕೊಡಕ್ಕೆ ಕುಸುಮ ಮೆಲ್ಲಗೆ ಕಣ್ಣು ಬಿಟ್ಟಳು.

“ನೀ ಎಂತಕ್ಕೆ ಅಳ್ತಿದ್ದೀ ಅತ್ತಿಗೆ?” ಎಂದಳು.