ತುಳುಕಿಸದೆ ತಂದ ನೋವು

ನರ್ಸ್ ಸಿರಿಂಜ್ ಹಿಡಿದು ಮಂಚದ ಬಳಿ ಬಂದ ಕೂಡಲೇ ತಾಯಿ ಅವಳ ಮಣಿಕಟ್ಟು ಹಿಡಿದುಕೊಂಡಳು. “ಬೇಡ ಸಿಸ್ಟರ್! ನೋವೇ ಹೋದ್ರೆ ಡಾಕ್ಟ್ರಿಗೆ ಕಾಯಿಲೆ ಹೇಗೆ ಗೊತ್ತಾಗುತ್ತೆ?” ಬೆಳಗಿನಿಂದ ಒಂದು ಮಾತ್ರೆಯನ್ನೂ ಕೊಡದೆ, ಮಗಳ ಹೊಟ್ಟೆನೋವನ್ನು ತುಂಬಿದ ಬಿಂದಿಗೆಯಂತೆ ತುಳುಕಿಸದೆ ಆಸ್ಪತ್ರೆಯವರೆಗೆ ತಂದಿದ್ದಳು.

ಮಗಳು ಮೊಣಕಾಲನ್ನು ಎದೆಗೊತ್ತಿಕೊಂಡು ಮುದುಡಿದ್ದಳು. ಡಾಕ್ಟರು ಕೈ ಹತ್ತಿರ ತಂದರೆ ಸಾಕು, ಕಿರುಚುತ್ತಿದ್ದಳು. “ಹೀಗಿದ್ರೆ ನಾನೇನು ನೋಡ್ಲಮ್ಮ?” ಎಂದರು ಡಾಕ್ಟರು. “ನೋವು ಇಳಿದ್ರೆ ಕಾಯಿಲೆಯೇನೂ ಓಡಿಹೋಗಲ್ಲ.”

“ಅವರ ಕೈ ಬಿಡೇ ಅಮ್ಮಾ!” ಮಗಳು ನರಳಿದಳು. ತಾಯಿ ಬಿಟ್ಟಳು.

ಇಂಜೆಕ್ಷನ್ ಆದ ಮೇಲೆ ತಾಯಿ ಕೂರಲಾರದೆ, ನಿಲ್ಲಲಾರದೆ ಮಂಚವನ್ನೇ ಸುತ್ತಿದಳು. ಕೊನೆಗೆ ಮಗಳ ಕಾಲುಗಳು ತಾವಾಗಿಯೇ ಚಾಚಿಕೊಂಡವು. ಡಾಕ್ಟರು ಹೊಟ್ಟೆಯನ್ನು ಮೆಲ್ಲಗೆ ಒತ್ತುತ್ತ ಬಂದರು. ಬಲಗಡೆ ಕೆಳಗೆ ತಲುಪಿದಾಗ ಮಗಳು ಅವರ ಬೆರಳು ಹಿಡಿದು ನಿಲ್ಲಿಸಿ, ತಾಯಿಯ ಕಡೆ ತಿರುಗಿದಳು.

“ಇಲ್ಲೇ ಅಮ್ಮ. ಬೆಳಗಿನಿಂದ ಹೇಳ್ಬೇಕು ಅಂತಿದ್ದೆ, ನೋವಿಗೆ ಮಾತೇ ಬರ್ಲಿಲ್ಲ.”