ಟೈಲರ್ ಮಾಮನ ತೋಳು

"ನೂರಾ ತೊಂಬತ್ತು!" ನರ್ಸಮ್ಮ ಬಿ.ಪಿ. ಮಿಷನ್ ನೋಡಿ ಗಾಬರಿಯಾದಾಗ, ಯಾರಿಗಪ್ಪಾ ಇಷ್ಟು ಎಂದು ಟೈಲರ್ ಮಾಮ ಹಿಂದೆ ತಿರುಗಿದ. ಹಿಂದೆ ಇದ್ದದ್ದು ಬರೀ ಗೋಡೆ. ಉಚಿತ ತಪಾಸಣೆಗೆ ಬಂದ ಮುದುಕರ ಹೆದರಿಕೆ ಹೋಗಲೆಂದು ಅವನು ಸುಮ್ಮನೆ ಮಾದರಿಗೆ ತೋಳು ಕೊಟ್ಟಿದ್ದನಷ್ಟೆ.

ಈ ಮಾಮನ ಆರೋಗ್ಯಸಲಹೆ ಕೇಳದ ಪ್ರಾಣಿ ಭೂಮಂಡಲದಲ್ಲೇ ಇಲ್ಲ. ಅಂಗಿ ಹೊಲಿಸಲು ಹೋದವರು ಉಪ್ಪು ಬಿಟ್ಟು ಬರುತ್ತಿದ್ದರು. ಗುಂಡಿ ಹಾಕಿಸಲು ಹೋದ ಡೊಳ್ಳುಹೊಟ್ಟೆಯವನೊಬ್ಬ ಅವನ ಮಾತು ಕೇಳಿ ಓಡಲು ಶುರು ಮಾಡಿದವನು ಇನ್ನೂ ನಿಂತಿಲ್ಲ.

"ಮಿಷನ್ ಕೆಟ್ಟಿದೆ ಸಿಸ್ಟರ್. ಈ ಅಜ್ಜಿಗೆ ಹಾಕಿ ನೋಡಿ." ಪಕ್ಕದ ಕುರ್ಚಿಯ ಅಜ್ಜಿ ಉಪ್ಪಿನ ಡಬ್ಬಿಯನ್ನೇ ನೆಕ್ಕುವವಳು, ಅವಳಿಗೆ ನೂರಾ ಇಪ್ಪತ್ತು. ಮತ್ತೆ ಮಾಮನಿಗೆ ಕಟ್ಟಿದರೆ ನೂರಾ ತೊಂಬತ್ನಾಲ್ಕು. "ಹಂಗಾದ್ರೆ ಬೇರೆ ಮಿಷನ್ ತನ್ನಿ!" ಎಂದ.

"ಏನೋ ಟೈಲರಪ್ಪಾ," ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು, "ನನ್ನ ಸೊಂಟ ಅಳೆದಾಗ, ಅಳತೆ ಸುಳ್ಳು ಹೇಳಲ್ಲ ಅಜ್ಜೀ ಅಂದಿದ್ಯಲ್ಲೋ?"

ಮಾಮನ ಕೈ ಕೊರಳಲ್ಲಿ ನೇತಾಡುತ್ತಿದ್ದ ಟೇಪಿಗೆ ಹೋಯಿತು. ಕೋಟಿ ತೋಳು ಅಳೆದವನ ತೋಳನ್ನು ಈವರೆಗೆ ಯಾರೂ ಅಳೆದಿರಲಿಲ್ಲ. ಎರಡು ತಿಂಗಳಿಂದ ಬೆಳಗಾದರೆ ತಲೆ ಸಿಡಿಯುತ್ತಿತ್ತು, ಸೂಜಿಯ ಕಣ್ಣು ಮಂಜಾಗುತ್ತಿತ್ತು. ಅವನು ಅಂಗಡಿಯ ಬಲ್ಬು ಬದಲಾಯಿಸಿದ್ದ. ಮೂರು ಸಲ.

ಟೇಪನ್ನು ತೆಗೆದು ಮೆಲ್ಲಗೆ ಸುತ್ತಿ ಜೇಬಿಗೆ ಹಾಕಿಕೊಂಡ. ಆಮೇಲೆ ಹುಟ್ಟಿದಾಗಿನಿಂದ ಮೊಟ್ಟಮೊದಲ ಬಾರಿಗೆ ಇನ್ನೊಬ್ಬರನ್ನು ಕೇಳಿದ:

"ಈಗ ನಾನೇನ್ ಮಾಡ್ಬೇಕು, ಸಿಸ್ಟರ್?"